ಖ್ಮು ಮನೆಯ ಊಟಕ್ಕೆ ಕೂರುವ ಮುನ್ನ

ಉತ್ತರ ಲಾವೋಸಿನ ಖ್ಮು ಹಳ್ಳಿಗೆ ಅತಿಥಿ ಬಂದರೆ ಮನೆಯವರು ಕೋಳಿ ಕೊಯ್ಯುವುದುಂಟು. ಆದರೆ ಅದು ದಿನದ ಊಟವಲ್ಲ. ಆ ಮನೆಗಳಲ್ಲಿ ಕೋಳಿ ಸಾಕುವುದು ಮುಖ್ಯವಾಗಿ ಹಿರಿಯರಿಗೆ ಎಡೆ ಇಡಲು, ಕಾಯಿಲೆ ಬಿದ್ದವರ ಆತ್ಮವನ್ನು ಕರೆದು ಕೂರಿಸಲು, ಮದುವೆಗೆ, ಇಲ್ಲವೆ ಕೈಯಲ್ಲಿ ನಾಲ್ಕು ಕಾಸು ಬೇಕಾದಾಗ ಮಾರಲು. ದಿನವೂ ಉಣ್ಣುವುದು ಬೇರೆಯೇ: ಬೆಟ್ಟದಲ್ಲಿ ಬೆಳೆದ ಅಂಟಕ್ಕಿ, ಆ ತಿಂಗಳು ಕಾಡಿನಲ್ಲಿ ಸಿಕ್ಕ ಸೊಪ್ಪು ಕಳಲೆ, ತೊರೆಯ ಸಣ್ಣ ಮೀನು, ಒರಳಿನಲ್ಲಿ ಕುಟ್ಟಿದ ಒಂದು ಖಾರದ ಚಟ್ನಿ. ಈ ದಿನದ ಊಟವೇ ನನಗೂ ಬೇಕು ಎಂದು ಮೊದಲೇ ಹೇಳಿ ಹೋದವರಿಗೆ ಒಳ್ಳೆಯ ಊಟ ಸಿಗುತ್ತದೆ, ಮನೆಯವರಿಗೂ ಹೊರೆಯಾಗುವುದಿಲ್ಲ. ಆ ಊಟದಲ್ಲಿ ಏನಿರುತ್ತದೆ, ಹೇಗೆ ಮಾಡುತ್ತಾರೆ, ಎಲ್ಲಿ ಎಚ್ಚರ ಬೇಕು ಎಂಬುದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಖ್ಮು ಜನ ಲಾವೋಸಿನ ಅಲ್ಪಸಂಖ್ಯಾತ ಸಮುದಾಯಗಳಲ್ಲೆಲ್ಲ ದೊಡ್ಡವರು. 2015ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಸುಮಾರು ಶೇ 11. ಲುವಾಂಗ್ ನಾಮ್ಥಾ, ಉದೊಮ್‌ಸಾಯ್, ಲುವಾಂಗ್ ಪ್ರಬಾಂಗ್, ಬೊಕೆಯೊ, ಫೊಂಗ್‌ಸಾಲಿ ಪ್ರಾಂತ್ಯಗಳಲ್ಲಿ ಅವರ ಹಳ್ಳಿಗಳು ಹೆಚ್ಚು. ಅವರ ಭಾಷೆ ಲಾವೊ ಭಾಷೆಗೆ ನೆಂಟನಲ್ಲ. ಅದು ಆಸ್ಟ್ರೋ-ಏಷ್ಯಾಟಿಕ್ ಕುಟುಂಬದ್ದು, ಅಂದರೆ ನಮ್ಮ ಮೇಘಾಲಯದ ಖಾಸಿ, ಜಾರ್ಖಂಡಿನ ಸಂತಾಲಿ ಮತ್ತು ಮುಂಡಾರಿಗಳ ದೂರದ ಬಳಗ. ಲಾವೊ ಜನ ಈ ಕಣಿವೆಗಳಿಗೆ ಬರುವ ಮೊದಲಿಂದಲೂ ಖ್ಮು ಇಲ್ಲಿದ್ದರು ಎಂದು ಲಾವೊ ದಂತಕಥೆಗಳೇ ಒಪ್ಪುತ್ತವೆ. ಕಾಡಿನ ಅಡುಗೆಯಲ್ಲಿ ಅವರ ಕೈ ಅಷ್ಟು ಪಳಗಿರುವುದಕ್ಕೆ ಇದೂ ಒಂದು ಕಾರಣ.

ಹೋಗುವುದು ಈಗ ಮೊದಲಿನಷ್ಟು ಕಷ್ಟವಲ್ಲ. 2021ರ ಡಿಸೆಂಬರಿನಲ್ಲಿ ಲಾವೋಸ್–ಚೀನಾ ರೈಲು ಶುರುವಾದ ಮೇಲೆ ವಿಯೆಂಟಿಯಾನ್ ಅಥವಾ ಲುವಾಂಗ್ ಪ್ರಬಾಂಗಿನಿಂದ ನಾತೆಯ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ವ್ಯಾನ್ ಹಿಡಿದರೆ ಲುವಾಂಗ್ ನಾಮ್ಥಾ ಪಟ್ಟಣ. ಪಕ್ಕದಲ್ಲೇ 2,224 ಚದರ ಕಿಲೋಮೀಟರಿನ ನಾಮ್ ಹಾ ಸಂರಕ್ಷಿತ ಅರಣ್ಯ. ಯುನೆಸ್ಕೊ ನೆರವಿನಿಂದ 1999ರಲ್ಲಿ ಆರಂಭವಾದ ಪರಿಸರ ಪ್ರವಾಸ ಯೋಜನೆ ಇಲ್ಲಿನದೇ. ಪಟ್ಟಣದಲ್ಲಿ ಪರವಾನಗಿ ಇರುವ ಸಂಸ್ಥೆಯ ಮೂಲಕ, ಸ್ಥಳೀಯ ಮಾರ್ಗದರ್ಶಿಯ ಜೊತೆ ಹೋಗುವುದು ಇಲ್ಲಿನ ಕ್ರಮ. ಮಾರ್ಗದರ್ಶಿ ಖ್ಮು ಆಗಿದ್ದರೆ ಊಟದ ವಿಷಯದಲ್ಲಿ ಅರ್ಧ ಕೆಲಸ ಮುಗಿದ ಹಾಗೆ, ಏಕೆಂದರೆ ಹಳ್ಳಿಯ ಅಜ್ಜಿಯರಿಗೆ ಲಾವೊ ಭಾಷೆ ಅಷ್ಟು ಸಲೀಸಲ್ಲ. ಬುಕ್ ಮಾಡುವಾಗಲೇ ‘ಖ್ಮು ಮಾತಾಡುವವರು ಬೇಕು’ ಎಂದು ಕೇಳಿ.

ಏಣಿ ಹತ್ತುವ ಮುನ್ನ

ಊರ ಬಾಗಿಲಲ್ಲೋ ಮನೆಯ ಮುಂದೋ ಬಿದಿರ ಸೀಳುಗಳನ್ನು ನಕ್ಷತ್ರದಂತೆ ಹೆಣೆದು ಕೋಲಿಗೆ ಸಿಕ್ಕಿಸಿದ್ದರೆ ಅಲ್ಲೇ ನಿಲ್ಲಿ. ಲಾವೊದಲ್ಲಿ ಅದಕ್ಕೆ ತಲೇವ್ ಎನ್ನುತ್ತಾರೆ. ಒಳಗೆ ಆಚರಣೆ ನಡೆದಿದೆ, ಹೊರಗಿನವರು ಬರಬೇಡಿ ಎಂದು ಅದರ ಅರ್ಥ. ಗೊತ್ತಿಲ್ಲದೆ ಒಳಗೆ ಕಾಲಿಟ್ಟರೆ ಆಚರಣೆ ಕೆಡುತ್ತದೆ, ಮತ್ತೆ ಮಾಡಲು ಬೇಕಾದ ಕೋಳಿ, ಮದ್ಯದ ಖರ್ಚನ್ನು ನೀವೇ ಕೊಡಬೇಕಾಗಬಹುದು. ಮಾರ್ಗದರ್ಶಿ ಮುಂದೆ ಹೋಗಿ ಕೇಳಿ ಬರಲಿ.

ಮನೆಗಳು ಕಂಬಗಳ ಮೇಲೆ ನಿಂತಿರುತ್ತವೆ, ಗೋಡೆ ಹೆಣೆದ ಬಿದಿರಿನದು. ಚಪ್ಪಲಿ ಏಣಿಯ ಬುಡದಲ್ಲೇ ಬಿಡಬೇಕು. ಒಳಗೆ ಒಂದಕ್ಕಿಂತ ಹೆಚ್ಚು ಒಲೆ ಇರಬಹುದು. ಎಲ್ಲ ಒಲೆಯೂ ಅಡುಗೆಗಷ್ಟೇ ಎಂದುಕೊಳ್ಳಬೇಡಿ. ಖ್ಮು ಜನ ರೋಯ್ ಎಂದು ಕರೆಯುವ ಮನೆದೈವ, ಹಿರಿಯರ ದೈವಗಳಿಗೆ ಮನೆಯಲ್ಲಿ ಜಾಗವಿರುತ್ತದೆ. ಆ ಮೂಲೆ, ಆ ಒಲೆಯನ್ನು ಹೊರಗಿನವರು ಮುಟ್ಟುವ ಹಾಗಿಲ್ಲ, ಅಲ್ಲಿ ಒದ್ದೆ ಬಟ್ಟೆ ಒಣಹಾಕುವ ಹಾಗಿಲ್ಲ. ಎಲ್ಲಿ ಕೂರಬಹುದು ಎಂದು ಕೇಳಿಯೇ ಕೂರುವುದು ಮರ್ಯಾದೆ. ಕೂತವರ ಕಾಲನ್ನಾಗಲಿ ಊಟದ ಮೇಜನ್ನಾಗಲಿ ದಾಟಿ ಹೋಗಬೇಡಿ.

ಇನ್ನೊಂದು ವಿಷಯ ಹೆಚ್ಚಿನ ಪ್ರವಾಸಿಗರಿಗೆ ಗೊತ್ತಿರುವುದಿಲ್ಲ. ಖ್ಮು ಕುಲಗಳಿಗೆ ನಮ್ಮ ಬೆಡಗು, ಬಳಿಗಳ ಹಾಗೆ ಒಂದೊಂದು ಪ್ರಾಣಿ, ಹಕ್ಕಿ ಅಥವಾ ಗಿಡದ ಹೆಸರಿರುತ್ತದೆ: ಹುಲಿ, ನೀರುನಾಯಿ, ಮಂಗಟ್ಟೆ ಹಕ್ಕಿ, ಜರೀಗಿಡ ಹೀಗೆ. ತನ್ನ ಕುಲದ ಜೀವಿಯನ್ನು ಆ ಕುಲದವರು ಕೊಲ್ಲುವುದೂ ಇಲ್ಲ, ತಿನ್ನುವುದೂ ಇಲ್ಲ. ಹಾಗಾಗಿ ಜರೀಗಿಡದ ಕುಲದವರ ಮನೆಯಲ್ಲಿ, ಕೊಡಗಿನವರು ತೆರ್ಮೆ ಎನ್ನುವಂಥ ಎಳೆಯ ಸುರುಳಿ ಸೊಪ್ಪನ್ನು ಬೇಯಿಸಿ ಕೊಡಿ ಎಂದು ಕೇಳಿದರೆ ಅವರಿಗೆ ಮುಜುಗರ. ಖ್ಮು ಊರಲ್ಲೇ ಹುಟ್ಟಿ ಮುಂದೆ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯ ಸೇರಿದ ದಾಮ್ರೋಂಗ್ ತಯಾನಿನ್ ಅವರು ತಮ್ಮ ಜನರ ಬೇಸಾಯ, ಮನೆ, ಕುಲ, ಹಾಡುಗಳನ್ನು ಬಹಳ ವರ್ಷ ಕೂತು ದಾಖಲಿಸಿದರು. ಇಂಥ ಒಳವಿವರಗಳು ಇಂದು ಹೊರಜಗತ್ತಿಗೆ ಸಿಗುವುದರಲ್ಲಿ ಅವರ ಪಾಲು ದೊಡ್ಡದು.

ಅಂಟಕ್ಕಿ

ಊಟ ಎಂದರೆ ಅನ್ನ, ಅನ್ನ ಎಂದರೆ ಅಂಟಕ್ಕಿ. ನಮ್ಮಲ್ಲಿ ಕುಮರಿ ಎಂದು ಕರೆಯುತ್ತಿದ್ದ ಬೇಸಾಯವೇ ಅಲ್ಲಿನದು. ಒಣ ಹಂಗಾಮಿನಲ್ಲಿ ಗುಡ್ಡದ ಓರೆಯ ಕುರುಚಲು ಕಡಿದು ಒಣಗಿಸಿ, ಮಾರ್ಚ್–ಏಪ್ರಿಲಿನಲ್ಲಿ ಸುಟ್ಟು, ಮಳೆ ಹಿಡಿಯುತ್ತಿದ್ದಂತೆ ಮೊನೆಯಾದ ಕೋಲಿನಿಂದ ಗುಳಿ ತೋಡಿ ಭತ್ತ ಹಾಕುತ್ತಾರೆ. ಕೊಯ್ಲು ಅಕ್ಟೋಬರ್–ನವೆಂಬರಿಗೆ. ಭತ್ತದ ನಡುವೆಯೇ ಸೌತೆ, ಕುಂಬಳ, ಮೆಣಸು, ಎಳ್ಳು, ಕೆಸು. ಹೊಲದಿಂದ ಬರುವ ತರಕಾರಿಯ ಬಹುಪಾಲು ಇಲ್ಲಿಂದಲೇ.

ಅಂಟಕ್ಕಿಯನ್ನು ನೀರಿನಲ್ಲಿ ಕುದಿಸುವುದಿಲ್ಲ, ಹಬೆಯಲ್ಲಿ ಬೇಯಿಸುತ್ತಾರೆ. ಕ್ರಮ ಹೀಗೆ. ದೊಡ್ಡವರೊಬ್ಬರ ಒಂದು ಹೊತ್ತಿಗೆ 200ರಿಂದ 250 ಗ್ರಾಂ ಅಕ್ಕಿ. ರಾತ್ರಿಯೇ ನೆನೆಹಾಕಬೇಕು. ತುರ್ತಿದ್ದರೂ ನಾಲ್ಕು ಗಂಟೆಗೆ ಕಡಿಮೆ ಆಗಬಾರದು. ಹೊಸ ಅಕ್ಕಿಗೆ ನೆನೆ ಕಡಿಮೆ ಸಾಕು, ಹಳೆಯದಕ್ಕೆ ಹೆಚ್ಚು. ನೀರು ತಿಳಿಯಾಗುವವರೆಗೆ ತೊಳೆದು, ಚೂಪು ಬುಡದ ಬಿದಿರು ಬುಟ್ಟಿಗೆ ಸುರಿದು, ಕಂಠ ಕಿರಿದಾದ ಅಲ್ಯೂಮಿನಿಯಂ ಪಾತ್ರೆಯ ಬಾಯಿಗೆ ಆ ಬುಟ್ಟಿಯನ್ನು ಕೂರಿಸುತ್ತಾರೆ. ಪಾತ್ರೆಯ ನೀರು ಬುಟ್ಟಿಯ ತುದಿಗೆ ತಾಗಬಾರದು. ತಾಗಿದರೆ ಕೆಳಗಿನ ಅಕ್ಕಿ ಗಂಜಿಯಾಗಿ, ಅದೇ ಅಂಟು ಹಬೆಯ ದಾರಿ ಮುಚ್ಚಿ ಮೇಲಿನದು ಬೇಯದೆ ಉಳಿಯುತ್ತದೆ. ಹಬೆ ಬಂದ ಮೇಲೆ ಸುಮಾರು 15 ನಿಮಿಷಕ್ಕೆ ಬುಟ್ಟಿಯ ಅಂಚು ಹಿಡಿದು ಒಂದು ಸಲ ಮೇಲಕ್ಕೆ ಚಿಮ್ಮುತ್ತಾರೆ. ಇಡೀ ಅನ್ನ ಒಂದೇ ಮುದ್ದೆಯಾಗಿ ಮಗುಚಿ ಬೀಳುತ್ತದೆ. ಹೀಗೆ ಒಂದೇ ತುಂಡಾಗಿ ಮಗುಚಿದರೆ ನೆನೆ ಸರಿಯಾಗಿದೆ ಎಂದರ್ಥ. ಪುಡಿಪುಡಿಯಾಗಿ ಚೆಲ್ಲಿದರೆ ಅಕ್ಕಿಯ ಒಳಗಿನ್ನೂ ನೀರು ಇಳಿದಿಲ್ಲ. ಇನ್ನು 8–10 ನಿಮಿಷ. ಕಾಳು ಒಂದನ್ನು ಬೆರಳಲ್ಲಿ ಒತ್ತಿ ನೋಡಿದರೆ ನಡುವೆ ಬಿಳಿ ಚುಕ್ಕೆ ಕಾಣಬಾರದು, ಪೂರ್ತಿ ಹೊಳಪಾಗಿ ಕನ್ನಡಿಯಂತಿರಬೇಕು.

ಬೆಂದ ಕೂಡಲೇ ಅನ್ನವನ್ನು ಮರದ ಹಲಗೆಯ ಮೇಲೆ ಕವುಚಿ, ಮರದ ಹುಟ್ಟಿನಿಂದ ಒಂದೆರಡು ನಿಮಿಷ ಹರಡಿ ಮಡಚಿ ಹಬೆ ಬಿಡಿಸುತ್ತಾರೆ. ಮನೆಯಲ್ಲಿ ಮಾಡುವವರು ಬಿಟ್ಟುಬಿಡುವ ಹಂತ ಇದೇ. ಬಿಸಿ ಹಬೆ ಒಳಗೇ ಉಳಿದರೆ ಮುಚ್ಚಿದ ಬುಟ್ಟಿಯಲ್ಲಿ ನೀರಾಗಿ ಇಳಿದು, ಮೇಲೆ ಅಂಟಂಟು, ಸಂಜೆಗೆ ಹಳಸಲು. ಸರಿಯಾಗಿ ಆರಿಸಿ ಮುಚ್ಚಳದ ಬಿದಿರು ಬುಟ್ಟಿಗೆ ತುಂಬಿದ ಅನ್ನ ಬೆಳಗಿನಿಂದ ಸಂಜೆಯವರೆಗೆ ಮೆತ್ತಗಿರುತ್ತದೆ. ಅದಕ್ಕೇ ಹೊಲಕ್ಕೆ ಹೋಗುವವರು ಹೆಗಲಿಗೆ ಅದೇ ಬುಟ್ಟಿಯನ್ನು ನೇತುಹಾಕಿಕೊಂಡು ಹೋಗುತ್ತಾರೆ. ಊಟದ ನಡುವೆಯೂ ಮುಚ್ಚಳ ಮುಚ್ಚುತ್ತಿರಿ, ಗಾಳಿಗೆ ಬಿಟ್ಟರೆ ಹತ್ತು ನಿಮಿಷದಲ್ಲಿ ಮೇಲ್ಪದರ ಬಿರುಸಾಗುತ್ತದೆ. ಬೆಂಗಳೂರಿನಲ್ಲಿ ಇದನ್ನು ಮಾಡಿ ನೋಡುವವರಿಗೆ ಇಡ್ಲಿ ಪಾತ್ರೆ, ಒದ್ದೆ ತೆಳುಬಟ್ಟೆ ಸಾಕು. ಅಕ್ಕಿ ಮಾತ್ರ ಅಂಟಕ್ಕಿಯೇ ಆಗಬೇಕು. ಸೋನಾ ಮಸೂರಿಯನ್ನು ಎಷ್ಟು ನೆನೆಸಿದರೂ ಹೀಗಾಗದು, ಅದರಲ್ಲಿ ಅಮೈಲೋಸ್ ಎಂಬ ಪಿಷ್ಟ ಹೆಚ್ಚು. ಅಂಟಕ್ಕಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಉಣ್ಣುವುದು ಕೈಯಲ್ಲಿ. ಬುಟ್ಟಿಯಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು, ಅದರಿಂದ ನೆಲ್ಲಿಕಾಯಿಗಿಂತ ಚಿಕ್ಕ ಉಂಡೆ ಮುರಿದು, ಬೆರಳಲ್ಲಿ ನಾದಿ, ಹೆಬ್ಬೆರಳಿನಿಂದ ಗುಳಿ ಮಾಡಿ ಚಟ್ನಿ ಎತ್ತಬೇಕು. ರಾಗಿಮುದ್ದೆಯ ಹಾಗೆ ನುಂಗಲು ಹೋಗಬೇಡಿ, ಅಂಟಕ್ಕಿ ಗಂಟಲಲ್ಲಿ ನಿಲ್ಲುತ್ತದೆ. ಅಗಿದೇ ತಿನ್ನಬೇಕು. ಹೊಟ್ಟೆ ತುಂಬಿದ್ದು ತಡವಾಗಿ ತಿಳಿಯುತ್ತದೆ, ಮೊದಲ ದಿನ ಅರ್ಧ ಬುಟ್ಟಿಗೇ ನಿಲ್ಲಿಸಿ.

ಚಟ್ನಿ, ಮತ್ತು ನಮ್ಮ ಜುಮ್ಮನಕಾಯಿ

ಬುಟ್ಟಿ ಹೆಣಿಗೆಯ ಗಿಡ್ಡ ಮೇಜಿನ ನಡುವೆ ಇರುವ ಚಿಕ್ಕ ಬಟ್ಟಲೇ ಊಟದ ಜೀವ. ಲಾವೊದಲ್ಲಿ ಜೇವ್, ನಮ್ಮ ಲೆಕ್ಕದಲ್ಲಿ ಸುಟ್ಟ ತರಕಾರಿಯ ಚಟ್ನಿ. ನಾಲ್ಕು ಜನಕ್ಕೆ ಕಾಲು ಕೆಜಿ ಟೊಮೆಟೊ ಅಥವಾ ಎಳೆ ಬದನೆ, ಹಸಿಮೆಣಸು ಆರೇಳು, ಸಾಂಬಾರ್ ಈರುಳ್ಳಿ ಐದಾರು, ಬೆಳ್ಳುಳ್ಳಿ ಒಂದು ಗೆಡ್ಡೆ. ಎಲ್ಲವನ್ನೂ ಸಿಪ್ಪೆ ಸಮೇತ ಕೆಂಡದಲ್ಲಿ ಸುಡಬೇಕು. ಮೆಣಸು, ಬೆಳ್ಳುಳ್ಳಿಯನ್ನು ಬಿದಿರ ಕಡ್ಡಿಗೆ ಚುಚ್ಚಿಕೊಂಡರೆ ಕೆಂಡದಲ್ಲಿ ಕಳೆದುಹೋಗುವುದಿಲ್ಲ. ಉರಿಯಲ್ಲಿ ಸುಟ್ಟರೆ ಹೊರಗೆ ಕರಕಲು, ಒಳಗೆ ಹಸಿ. ಕೆಂಡವೇ ಬೇಕು. ಕರಿ ಸಿಪ್ಪೆ ತೆಗೆದು ಕುಟ್ಟಬೇಕು, ಪೂರ್ತಿ ಬಿಟ್ಟರೆ ಕಹಿ.

ಕುಟ್ಟುವುದರಲ್ಲೂ ವರಸೆಯಿದೆ. ಮೊದಲು ಉಪ್ಪು ಮತ್ತು ಮೆಣಸು, ಉಪ್ಪಿನ ಹರಳು ಮೆಣಸನ್ನು ಅರೆಯುತ್ತದೆ. ಆಮೇಲೆ ಬೆಳ್ಳುಳ್ಳಿ, ಈರುಳ್ಳಿ. ಕೊನೆಗೆ ಟೊಮೆಟೊ, ಅದೂ ಎರಡೇ ಏಟು. ಟೊಮೆಟೊ ಮೊದಲು ಹಾಕಿದರೆ ರಸ ಮುಖಕ್ಕೆ ಚಿಮ್ಮುತ್ತದೆ, ಮೆಣಸು ಇಡಿಯಾಗಿಯೇ ತೇಲುತ್ತದೆ. ಮಿಕ್ಸಿಗೆ ಹಾಕಿದರೆ ನೀರಾಗಿ ಅನ್ನಕ್ಕೆ ಹಿಡಿಯುವುದೇ ಇಲ್ಲ. ಎಣ್ಣೆ, ಒಗ್ಗರಣೆ, ಅರಿಸಿನ ಯಾವುದೂ ಇಲ್ಲ.

ಕೊನೆಯಲ್ಲಿ ಒಂದು ಚಿಟಿಕೆ ಮಾಕ್ ಖೇನ್. ಕರಾವಳಿ, ಮಲೆನಾಡಿನ ಓದುಗರು ಇಲ್ಲಿ ತಲೆಯೆತ್ತಬೇಕು. ಇದು ನಮ್ಮ ಜುಮ್ಮನಕಾಯಿ, ಕೊಂಕಣಿಗರ ತೆಪ್ಪಲ್. ಎರಡೂ ಒಂದೇ ಜಾತಿಯ ಮರ, ಸಸ್ಯಶಾಸ್ತ್ರದಲ್ಲಿ ಜಾಂಥೋಜೈಲಮ್ ರೆಟ್ಸಾ. ಬಂಗುಡೆ ಸಾರಿಗೆ ಬೀಳುವ ಅದೇ ಒಡೆದ ಕಾಯಿ, ನಾಲಿಗೆ ಜುಮ್ಮೆನ್ನಿಸುವ ಅದೇ ಗುಣ. ಉತ್ತರ ಲಾವೋಸಿನ ಕಾಡಿನಂಚಿನಲ್ಲಿ ಈ ಮರ ಧಾರಾಳ. ನಮ್ಮಲ್ಲಿ ಹಸಿಯದನ್ನೋ ಒಣಗಿದ್ದನ್ನೋ ಜಜ್ಜಿ ಸಾರಿಗೆ ಹಾಕುತ್ತೇವೆ, ಅವರು ಒಣಗಿದ ಸಿಪ್ಪೆಯನ್ನು ಹುರಿದು ಪುಡಿ ಮಾಡುತ್ತಾರೆ. ಒಳಗಿನ ಕರಿ ಬೀಜ ಬೇಡ, ಅದು ಹಲ್ಲಿಗೆ ಮರಳು ಸಿಕ್ಕಂತೆ. ಸಿಪ್ಪೆಯನ್ನು ಒಣ ಬಾಣಲೆಯಲ್ಲಿ ಅರ್ಧ ನಿಮಿಷ ಬೆಚ್ಚಗೆ ಮಾಡಿದರೆ ಸಾಕು, ಬಣ್ಣ ಕಪ್ಪಾಗುವವರೆಗೆ ಬಿಟ್ಟರೆ ಕಿತ್ತಳೆ ಸಿಪ್ಪೆಯಂಥ ಪರಿಮಳ ಹೋಗಿ ಕಹಿಯಷ್ಟೇ ಉಳಿಯುತ್ತದೆ. ಮೇಲಿನ ಅಳತೆಗೆ ಕಾಲು ಚಮಚ ಪುಡಿ ಬೇಕಾದಷ್ಟಾಯಿತು. ಸಿರ್ಸಿ, ಕುಮಟಾ ಕಡೆಯ ಜುಮ್ಮನಕಾಯಿ ಒಂದು ಪೊಟ್ಟಣ ಜೊತೆಗೆ ಒಯ್ದು ಆ ಮನೆಯ ಅಜ್ಜಿಗೆ ತೋರಿಸಿ. ಭಾಷೆ ಬಾರದಿದ್ದರೂ ಅಡುಗೆಯ ಮಾತು ಅಲ್ಲಿಂದಲೇ ಶುರುವಾಗುತ್ತದೆ.

ಕಳಲೆ ಮತ್ತು ಬಿದಿರ ಕೊಳವೆ

ಜನವರಿಯಿಂದ ಏಪ್ರಿಲ್ ನಡುವೆ ಹೋದರೆ ಕಹಿ ಕಳಲೆ ಸಿಗುತ್ತದೆ. ನಮ್ಮ ಮಲೆನಾಡಿನ ಕಳಲೆ ಮಳೆಗಾಲದ್ದು, ಇದು ಒಣ ಹಂಗಾಮಿನದ್ದು, ಬಿದಿರೇ ಬೇರೆ. ನಾವು ಕಳಲೆಯನ್ನು ಹೆಚ್ಚಿ ಮೂರು ದಿನ ನೀರು ಬದಲಿಸುತ್ತ ನೆನೆಸಿಡುತ್ತೇವೆ. ಅವರು ಸಿಪ್ಪೆ ಸಮೇತ ಕೆಂಡದ ಬದಿಗೆ ಒರಗಿಸಿ ಅರ್ಧ ಗಂಟೆ ಸುಡುತ್ತಾರೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿರುತ್ತದೆ. ನೀರಿನಲ್ಲಿ ನೆನೆಸಿದರೆ ಅದು ಇಳಿದುಹೋಗುತ್ತದೆ, ಚೆನ್ನಾಗಿ ಕಾದರೆ ಒಡೆದು ಆವಿಯಾಗುತ್ತದೆ. ಹಾಗಾಗಿ ಅರೆಬೆಂದ ಕಳಲೆ ಮಾತ್ರ ಬೇಡ. ಹೊರಸಿಪ್ಪೆ ಕಪ್ಪಾಗಿ, ಒತ್ತಿದರೆ ಒಳಗೆ ಮೆತ್ತಗಿರಬೇಕು. ಸುಲಿದು, ಉದ್ದಕ್ಕೆ ಸೀಳಿ, ಚಟ್ನಿಗೆ ಅದ್ದಿ ತಿನ್ನುವುದು. ಹಾಗಲಕಾಯಿ ಇಷ್ಟಪಡುವವರಿಗೆ ಇದು ಹಬ್ಬ. ಬೆತ್ತದ ಸುಳಿಯನ್ನೂ ಹೀಗೇ ಮುಳ್ಳಿನ ಸಿಪ್ಪೆ ಸಮೇತ ಸುಡುತ್ತಾರೆ. ಅದು ಇನ್ನೂ ಕಹಿ.

ಈ ಕಳಲೆಯ ಹಿಂದೆ ಒಂದು ಒಳ್ಳೆಯ ಕೆಲಸದ ಕಥೆಯಿದೆ. ಉದೊಮ್‌ಸಾಯ್ ಪ್ರಾಂತ್ಯದ ನಾಮ್ ಫೆಂಗ್ ಎಂಬ ಖ್ಮು ಹಳ್ಳಿಯವರು ಮೊದಲು ಕಳಲೆಯನ್ನು ಕಟ್ಟು ಲೆಕ್ಕದಲ್ಲಿ ವರ್ತಕರು ಹೇಳಿದ ಬೆಲೆಗೆ ಮಾರುತ್ತಿದ್ದರು. 1990ರ ದಶಕದ ಕೊನೆಯಲ್ಲಿ, ಕಾಡುತ್ಪನ್ನಗಳ ಯೋಜನೆಯೊಂದರ ನೆರವಿನಿಂದ ಊರಲ್ಲೇ ಮಾರಾಟದ ಗುಂಪು ಕಟ್ಟಿಕೊಂಡು, ತಕ್ಕಡಿ ತಂದು, ಕೆಜಿ ಲೆಕ್ಕಕ್ಕೆ ಬಂದರು. ಯಾವಾಗ ಕೊಯ್ಲು ನಿಲ್ಲಿಸಬೇಕು ಎಂಬ ನಿಯಮವನ್ನೂ ತಾವೇ ಮಾಡಿಕೊಂಡರು. ಲಾವೋಸಿನಲ್ಲಿ ಸಮುದಾಯ ಅರಣ್ಯದ ಮಾತು ಬಂದಾಗ ಈ ಊರಿನ ಹೆಸರು ಬರುತ್ತದೆ. ತಟ್ಟೆಗೆ ಬಂದ ಕಳಲೆ ಎಲ್ಲಿಯದು ಎಂದು ಕೇಳಿ, ಕಾಡಿನ ಯಾವ ಭಾಗ ಯಾವ ಊರಿನದು ಎಂಬುದು ಅಲ್ಲಿನವರಿಗೆ ಬಾಯಿಪಾಠ.

ಚಾರಣದ ದಾರಿಯಲ್ಲಿ ಮಧ್ಯಾಹ್ನದ ಅಡುಗೆ ಪಾತ್ರೆಯಿಲ್ಲದೆ ನಡೆಯುತ್ತದೆ. ಹಸಿ ಬಿದಿರಿನ ಒಂದು ಗೆಣ್ಣು, ಅರ್ಧ ಮೀಟರಿನಷ್ಟು ಉದ್ದದ್ದು, ಬುಡದಲ್ಲಿ ಗಂಟು ಉಳಿಸಿ ಕಡಿಯುತ್ತಾರೆ. ಒಳಗೆ ಹೆಚ್ಚಿದ ಬಾಳೆ ಹೂವು ಅಥವಾ ಬದನೆ, ಸೊಪ್ಪು, ಅಣಬೆ, ಮಜ್ಜಿಗೆ ಹುಲ್ಲಿನ ಬುಡ, ಮೆಣಸು, ಉಪ್ಪು, ಒಂದು ಲೋಟ ನೀರು. ಮಂದವಾಗಲು ನೆನೆದ ಅಂಟಕ್ಕಿಯನ್ನು ಕುಟ್ಟಿ ಒಂದು ಚಮಚ. ಮುಕ್ಕಾಲು ಪಾಲಷ್ಟೇ ತುಂಬಬೇಕು, ಕುದಿ ಬಂದಾಗ ಉಕ್ಕಲು ಜಾಗ ಬೇಕಲ್ಲ. ಬಾಯಿಗೆ ಬಾಳೆಲೆಯ ಬಿರಡೆ. ಕೆಂಡಕ್ಕೆ ಓರೆಯಾಗಿ ಒರಗಿಸಿ ಐದು ನಿಮಿಷಕ್ಕೊಮ್ಮೆ ಹೊರಳಿಸುತ್ತ 40 ನಿಮಿಷ. ಒಣ ಬಿದಿರಾದರೆ ಅಡುಗೆ ಬೇಯುವ ಮೊದಲೇ ಕೊಳವೆ ಸುಟ್ಟು ತೂತಾಗುತ್ತದೆ. ಹೊರಳಿಸದೆ ಬಿಟ್ಟರೂ ಅದೇ ಗತಿ. ಕೊನೆಗೆ ಕೋಲಿನಿಂದ ಒಳಗೇ ಕುಟ್ಟಿ, ಬಾಳೆಲೆಯ ಮೇಲೆ ಸುರಿಯುತ್ತಾರೆ. ಹಸಿ ಬಿದಿರಿನ ನೀರು ಸಾರಿಗೆ ಕೊಡುವ ಪರಿಮಳ ಯಾವ ಪಾತ್ರೆಯಲ್ಲೂ ಬಾರದು.

ಸಸ್ಯಾಹಾರಿಗಳಿಗೆ

ಖ್ಮು ಊಟದ ಬಹುಭಾಗ ಸೊಪ್ಪು ತರಕಾರಿಯೇ. ತೊಡಕು ಬರುವುದು ಮೂರು ಕಡೆ: ಪಾಡೇಕ್ ಎಂಬ ಹುದುಗಿಸಿದ ಮೀನಿನ ರಸ, ಮೀನಿನ ಸಾಸ್, ಮತ್ತು ಅಂಗಡಿಯಿಂದ ಬರುವ ಕೋಳಿ ಅಥವಾ ಹಂದಿ ಸ್ವಾದದ ಪುಡಿ. ‘ಮಾಂಸ ತಿನ್ನುವುದಿಲ್ಲ’ ಎಂದಷ್ಟೇ ಹೇಳಿದರೆ ಈ ಮೂರೂ ಬಂದೇ ಬರುತ್ತವೆ, ಏಕೆಂದರೆ ಅವರ ಲೆಕ್ಕದಲ್ಲಿ ಅವು ಉಪ್ಪಿನ ಜಾಗದ ವಸ್ತುಗಳು. ಬಿಡಿಸಿ ಹೇಳಬೇಕು. ಲಾವೊದಲ್ಲಿ ‘ಬೊ ಕಿನ್ ಸೀನ್, ಬೊ ಕಿನ್ ಪಾ’ ಎಂದರೆ ಮಾಂಸ, ಮೀನು ತಿನ್ನುವುದಿಲ್ಲ. ‘ಬೊ ಸಾಯ್ ಪಾಡೇಕ್, ಬೊ ಸಾಯ್ ನಾಮ್ ಪಾ’ ಎಂದರೆ ಪಾಡೇಕ್, ಮೀನಿನ ಸಾಸ್ ಹಾಕಬೇಡಿ. ‘ಕಿನ್ ಖಾಯ್ ದಾಯ್’ ಎಂದರೆ ಮೊಟ್ಟೆ ಆಗುತ್ತದೆ. ಮೊಟ್ಟೆಯನ್ನೂ ಬಿಟ್ಟವರು ‘ಕಿನ್ ಜೇ’ ಎನ್ನಬೇಕು. ಉಪ್ಪಷ್ಟೇ ಸಾಕು ಎಂಬುದನ್ನು ಮಾರ್ಗದರ್ಶಿಯಿಂದ ಹೇಳಿಸಿ, ಅದೂ ಹಳ್ಳಿ ತಲುಪಿದ ಮೇಲಲ್ಲ, ಪಟ್ಟಣದಲ್ಲಿ ಸಂತೆ ಮಾಡುವಾಗಲೇ.

ಮಾಂಸ ಬೇಡವೆಂದರೆ ಮನೆಯವರಿಗೆ ಅವಮಾನವಾದೀತೆ ಎಂದು ಹಲವರು ಹಿಂಜರಿಯುತ್ತಾರೆ. ಮೊದಲೇ ಹೇಳಿದರೆ ಹಾಗೇನೂ ಆಗದು. ಆಚರಣೆಗೆ ಇಟ್ಟ ಕೋಳಿ ಉಳಿಯುತ್ತದೆ ಅಷ್ಟೇ. ಕೊಯ್ದು ಬೇಯಿಸಿ ಮುಂದಿಟ್ಟ ಮೇಲೆ ಬೇಡವೆನ್ನುವುದು ಮಾತ್ರ ನಿಜಕ್ಕೂ ನೋವಿನ ಸಂಗತಿ.

ಮನೆಯಿಂದ ಒಯ್ಯುವುದಾದರೆ ಶೇಂಗಾ ಚಟ್ನಿಪುಡಿ ಒಯ್ಯಿರಿ. ಕೆಡುವುದಿಲ್ಲ, ಅಂಟಕ್ಕಿಯ ಉಂಡೆಗೆ ಚೆನ್ನಾಗಿ ಹತ್ತುತ್ತದೆ, ಮತ್ತು ಮೇಜಿನ ನಡುವೆ ಇಟ್ಟು ಎಲ್ಲರ ಜೊತೆ ಹಂಚಿಕೊಳ್ಳಬಹುದು. ನಿಮ್ಮ ಪೊಟ್ಟಣದಿಂದ ನೀವೊಬ್ಬರೇ ತಿನ್ನುವುದು ಆ ಮೇಜಿಗೆ ಹೊಂದದು. ಎಲ್ಲರೂ ಒಂದೇ ಬಟ್ಟಲಿಗೆ ಕೈ ಹಾಕುವ ಊಟ ಅದು.

ಹಸಿಯದು ಬೇಡ

ಮೀನು, ಮಾಂಸ ತಿನ್ನುವವರಿಗೆ ಒಂದು ಗಟ್ಟಿ ಎಚ್ಚರಿಕೆ. ಲಾವೋಸಿನಲ್ಲಿ ಹಸಿ ಅಥವಾ ಅರೆಬೆಂದ ಸಿಹಿನೀರ ಮೀನಿನಿಂದ ಪಿತ್ತಜನಕಾಂಗದ ಹುಳು ಹತ್ತುತ್ತದೆ. ಒಪಿಸ್ಥಾರ್ಕಿಸ್ ವಿವೆರಿನಿ ಎಂದು ಅದರ ಹೆಸರು. ವರ್ಷಗಟ್ಟಲೆ ದೇಹದಲ್ಲಿ ಉಳಿದರೆ ಪಿತ್ತನಾಳದ ಕ್ಯಾನ್ಸರಿಗೆ ದಾರಿಯಾಗುತ್ತದೆ. ನಿಂಬೆರಸ, ಮೆಣಸು, ಸಾರಾಯಿ ಯಾವುದೂ ಅದನ್ನು ಕೊಲ್ಲದು, ಬೇಯಿಸಬೇಕು ಅಷ್ಟೇ. ಹಸಿ ಹಂದಿಮಾಂಸ ಅಥವಾ ರಕ್ತ ಹಾಕಿದ ಲಾಪ್ (ಕೊಚ್ಚಿದ ಮಾಂಸಕ್ಕೆ ಸೊಪ್ಪು, ಖಾರ ಬೆರೆಸಿದ ಲಾವೊ ಖಾದ್ಯ) ಕೂಡ ಬೇಡ, ಅದರಲ್ಲಿ ಟ್ರೈಕಿನೆಲ್ಲಾ ಹುಳುವಿನ ಭಯ. ‘ಸುಕ್’ ಎಂದರೆ ಬೆಂದದ್ದು, ‘ದಿಪ್’ ಎಂದರೆ ಹಸಿ. ಈ ಎರಡು ಮಾತು ಬಾಯಲ್ಲಿರಲಿ.

ಕಾಡುಪ್ರಾಣಿಯ ಮಾಂಸವನ್ನು ಕೇಳಿ ಮಾಡಿಸಬೇಡಿ, ಕೊಳ್ಳಬೇಡಿ. ಲಾವೋಸಿನಲ್ಲಿ 2007ರಿಂದ ವನ್ಯಜೀವಿ ಕಾಯಿದೆ ಇದೆ. ಹಳ್ಳಿಯವರು ತಮ್ಮ ಊಟಕ್ಕೆ ಇಲಿ, ಅಳಿಲು ಹಿಡಿಯುವುದು ಅವರ ಬದುಕು. ಪ್ರವಾಸಿ ದುಡ್ಡು ಕೊಡಲು ನಿಂತರೆ ಅದು ವ್ಯಾಪಾರವಾಗುತ್ತದೆ.

ಜಾಡಿಯ ಸುತ್ತ

ಹಬ್ಬ, ಮದುವೆ, ಕೊಯ್ಲು ಮುಗಿದ ಮೇಲಿನ ಬುನ್ ಗ್ರೆಹ್ ಎಂಬ ಖ್ಮು ಹೊಸವರ್ಷ, ಇಲ್ಲವೆ ದೂರದ ನೆಂಟರು ಬಂದ ದಿನ ಜಾಡಿ ಹೊರಬರುತ್ತದೆ. ಬೆಂದ ಅಂಟಕ್ಕಿಯನ್ನು ಉಮಿಯೊಡನೆ ಬೆರೆಸಿ, ಚಾಪೆಯ ಮೇಲೆ ಪೂರ್ತಿ ಆರಿಸಿ, ಹುದುಗಿನ ಬಿಲ್ಲೆಯ ಪುಡಿ ಉದುರಿಸಿ, ಬುಟ್ಟಿಯಲ್ಲಿ ಎರಡು ಮೂರು ದಿನ ಮುಚ್ಚಿಡುತ್ತಾರೆ. ಬಿಸಿಯಿರುವಾಗಲೇ ಪುಡಿ ಹಾಕಿದರೆ ಹುದುಗು ಸತ್ತು ಅನ್ನ ಕೊಳೆಯುತ್ತದೆ. ಸಿಹಿ ವಾಸನೆ ಬಂದ ಮೇಲೆ ಮಣ್ಣಿನ ಜಾಡಿಗೆ ಒತ್ತಿ ತುಂಬಿ, ಬಾಳೆಲೆ ಮುಚ್ಚಿ, ಬೂದಿ-ಮಣ್ಣಿನ ಕೆಸರಿನಿಂದ ಬಾಯಿ ಮೆತ್ತುತ್ತಾರೆ. ಕೆಲವು ವಾರದಿಂದ ಕೆಲವು ತಿಂಗಳವರೆಗೆ ಇಟ್ಟಷ್ಟೂ ಕಡುಪು. ಉಮಿ ಹಾಕುವುದು ಸುಮ್ಮನೆ ಅಲ್ಲ. ಅದಿಲ್ಲದಿದ್ದರೆ ಅಂಟಕ್ಕಿ ಜಾಡಿಯೊಳಗೆ ಒಂದೇ ಗಟ್ಟಿ ಹೆಂಟೆಯಾಗಿ ನೀರು ಇಳಿಯಲು, ಕೊಳವೆಯಲ್ಲಿ ಹೀರಲು ದಾರಿಯೇ ಇರುವುದಿಲ್ಲ.

ಕುಡಿಯುವ ದಿನ ಜಾಡಿಯ ಕಂಠದವರೆಗೆ ನೀರು ಸುರಿದು, ಸ್ವಲ್ಪ ಹೊತ್ತು ಬಿಟ್ಟು, ಉದ್ದದ ಬಿದಿರು ಕೊಳವೆ ಇಳಿಸುತ್ತಾರೆ. ಊರ ಹಿರಿಯರು, ಅತಿಥಿ ಮೊದಲು. ಕುಡಿದಷ್ಟು ನೀರನ್ನು ಮೇಲಿಂದ ಅಳತೆಯ ಪಾತ್ರೆಯಲ್ಲಿ ತುಂಬುತ್ತ ಹೋಗುವುದರಿಂದ ಯಾರು ಎಷ್ಟು ಹೀರಿದರು ಎಂಬುದು ಎಲ್ಲರಿಗೂ ಕಾಣುತ್ತದೆ. ಹೀರಿದಂತೆ ನಟಿಸಿದರೆ ಮಟ್ಟ ಇಳಿಯದು, ಎಲ್ಲರೂ ನಗುತ್ತಾರೆ. ಹಿರಿಯರು ಸರದಿಯ ಮೇಲೆ ಹಾಡಲು ಶುರುಮಾಡುವುದೂ ಈ ಹೊತ್ತಿಗೇ. ಒಬ್ಬರ ಹಾಡಿಗೆ ಇನ್ನೊಬ್ಬರು ಹಾಡಿನಲ್ಲೇ ಉತ್ತರ ಕೊಡಬೇಕು, ಅತಿಥಿಯನ್ನು ಸ್ವಾಗತಿಸುವುದೂ ಹಾಗೆಯೇ. ಆಗ ಮಾತು ನಿಲ್ಲಿಸಿ ಕೇಳಿ.

ಜಾಡಿಯ ಮದ್ಯದಲ್ಲಿ ಭಯವಿರುವುದು ಸುರಿಯುವ ನೀರಿನದು. ಕುದಿಸಿ ಆರಿಸಿದ ನೀರೇ ಎಂದು ಮೊದಲೇ ಕೇಳಿಸಿ, ಇಲ್ಲವೆ ನೀವೇ ಬಾಟಲಿ ನೀರು ಕೊಡಿ, ಯಾರೂ ಬೇಸರಿಸುವುದಿಲ್ಲ. ಭಟ್ಟಿ ಇಳಿಸಿದ ಲಾವ್ ಲಾವ್ ಬೇರೆ ಮಾತು. ಅದು ಕಡು ಸಾರಾಯಿ, ಒಂದೇ ಚಿಕ್ಕ ಲೋಟ ಎಲ್ಲರ ಕೈ ದಾಟುತ್ತದೆ. 2024ರ ನವೆಂಬರಿನಲ್ಲಿ ವಾಂಗ್ ವಿಯೆಂಗ್ ಪಟ್ಟಣದಲ್ಲಿ ಮೆಥನಾಲ್ ಬೆರೆತ ಮದ್ಯದಿಂದ ಆರು ಮಂದಿ ವಿದೇಶಿ ಪ್ರವಾಸಿಗರು ಸತ್ತರು. ಹಾಗಾಗಿ ಯಾರು ಇಳಿಸಿದ್ದು, ಮನೆಯವರೂ ಅದನ್ನೇ ಕುಡಿಯುತ್ತಿದ್ದಾರೆಯೇ ಎಂದು ನೋಡಿ. ಕುಡಿಯದವರು ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತುಟಿಗೆ ಮುಟ್ಟಿಸಿ ವಾಪಸು ಕೊಟ್ಟರೆ ಮರ್ಯಾದೆ ಸಂದಿತು. ಊಟವಾಗಲಿ ಮದ್ಯವಾಗಲಿ ಸಾಕೆನಿಸಿದಾಗ ಹೇಳುವ ಮಾತು ‘ಇಮ್ ಲೇವ್’, ಹೊಟ್ಟೆ ತುಂಬಿತು.

ಕೈಗೆ ದಾರ ಕಟ್ಟುವ ಬಾಸಿ ಆಚರಣೆಗೆ ಕರೆದರೆ ಹೋಗಿ. ಬೇಯಿಸಿದ ಕೋಳಿ, ಮೊಟ್ಟೆ, ಅಂಟಕ್ಕಿಯ ಉಂಡೆಯನ್ನು ಅಂಗೈಯಲ್ಲಿ ಇಟ್ಟು, ಹಿರಿಯರು ಹರಸುತ್ತ ಬಿಳಿ ದಾರ ಕಟ್ಟುತ್ತಾರೆ. ಮಾಂಸ ತಿನ್ನದವರು ತಮಗೆ ಮೊಟ್ಟೆ ಅಥವಾ ಅನ್ನವಷ್ಟೇ ಸಾಕೆಂದು ಮೊದಲೇ ತಿಳಿಸಬಹುದು. ದಾರವನ್ನು ಕನಿಷ್ಠ ಮೂರು ದಿನ ಇಟ್ಟುಕೊಂಡು ಆಮೇಲೆ ಗಂಟು ಬಿಚ್ಚಬೇಕು, ಕತ್ತರಿಸುವ ಹಾಗಿಲ್ಲ.

ಯಾವಾಗ, ಎಷ್ಟು

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಹೊಸ ಅಕ್ಕಿ ಬಂದಿರುತ್ತದೆ, ಜನರಿಗೆ ಬಿಡುವಿರುತ್ತದೆ. ರಾತ್ರಿ ಚಳಿ ಜೋರು, ಬಿದಿರ ಗೋಡೆ ಗಾಳಿ ತಡೆಯದು, ಸ್ವೆಟರ್ ಬೇಕೇ ಬೇಕು. ಮಾರ್ಚ್–ಏಪ್ರಿಲಿನಲ್ಲಿ ಹೊಲ ಸುಡುವ ಹೊಗೆ, ಆಸ್ತಮಾ ಇರುವವರು ಹೋಗದಿರುವುದೇ ಮೇಲು. ಜೂನ್ ಮೇಲೆ ಜಿಗಣೆ, ಜಾರುವ ದಾರಿ, ಆದರೆ ಅಣಬೆ ಮತ್ತು ಸೊಪ್ಪಿನ ಸುಗ್ಗಿ. ಮಳೆಗಾಲದ ಕೊನೆಗೆ, ಹೊಸ ಬೆಳೆ ಬರುವ ಮುಂಚೆ, ಕೆಲವು ಮನೆಗಳಲ್ಲಿ ಅಕ್ಕಿ ಸಾಲದೆ ಬರುತ್ತದೆ. ಆ ತಿಂಗಳಲ್ಲಿ ಹೋಗುವವರು ತಮ್ಮ ಪಾಲಿನ ಅಕ್ಕಿಯನ್ನು ಪಟ್ಟಣದಿಂದಲೇ ಹೊತ್ತು ಹೋಗುವುದು ಸರಿ.

ದುಡ್ಡನ್ನು ಮಾರ್ಗದರ್ಶಿಯ ಎದುರಲ್ಲಿ ಮನೆಯವರ ಕೈಗೇ ಕೊಡಿ. ಅಡುಗೆ ಮಾಡಿದವರಿಗೆ, ತಂಗಿದ ಮನೆಗೆ, ಹಳ್ಳಿ ನಿಧಿಗೆ ಬೇರೆ ಬೇರೆ ಪಾಲು ಇರುತ್ತದೆ. ಬುಕ್ ಮಾಡುವಾಗಲೇ ಈ ಪಾಲುಗಳನ್ನು ಕೇಳಿ ಬರೆದುಕೊಂಡರೆ ಆಮೇಲೆ ಗೊಂದಲವಿಲ್ಲ. ಮಕ್ಕಳಿಗೆ ಚಾಕೊಲೇಟ್ ಹಂಚಬೇಡಿ. ಉಪ್ಪು, ಅಡುಗೆ ಎಣ್ಣೆ, ಸೋಪು ತಂದು ಮನೆಯ ಹಿರಿಯ ಹೆಂಗಸಿನ ಕೈಗೆ ಕೊಟ್ಟರೆ ಅದು ಎಲ್ಲರಿಗೂ ಸಲ್ಲುತ್ತದೆ. ಏನಾದರೂ ಕೊಳ್ಳಬೇಕೆನಿಸಿದರೆ ಖ್ಮು ಹೆಂಗಸರು ಕಾಡುಬಳ್ಳಿಯ ನಾರಿನಿಂದ ಗಂಟು ಹಾಕಿ ಹೆಣೆಯುವ ಬಲೆಚೀಲ ಕೊಳ್ಳಿ. ಬಳ್ಳಿ ತಂದು, ನಾರು ಬಿಡಿಸಿ, ತೊಡೆಯ ಮೇಲೆ ಹೊಸೆದು ಮಾಡುವ ದಿನಗಟ್ಟಲೆಯ ಕೆಲಸ ಅದು, ಚೌಕಾಸಿ ಬೇಡ. ಕೊಳ್ಳುವಾಗ ಚೀಲವನ್ನು ಎರಡೂ ಕೈಯಲ್ಲಿ ಹಿಗ್ಗಿಸಿ ನೋಡಿ. ಗಂಟು ಜಾರದೆ ಅಲ್ಲೇ ನಿಲ್ಲಬೇಕು. ಹೊಸದರಲ್ಲಿ ಒರಟಾಗಿರುತ್ತದೆ, ಬಳಸಿದಷ್ಟೂ ಮೆದುವಾಗುತ್ತದೆ.